ನಾನಿಲ್ಲದ ದಿನಗಳ ಹಾಜರಿ

ಹೆಂಚು ಬಡಿದೆ. ಸದ್ದು ಕೇಳಿತು. ಬೆರಳಿಗೆ ಮಾತ್ರ ಏನೂ ತಾಕಲಿಲ್ಲ.

ಖಾನಾಪುರದ ಹೊರಗಿರುವ ಹೆಂಚಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ನನ್ನ ಕೆಲಸ ಇಷ್ಟೇ. ಭಟ್ಟಿಯಿಂದ ಬಂದ ಹೆಂಚನ್ನು ಎಡಗೈಯಲ್ಲಿ ಎತ್ತಿ ಹಿಡಿಯುವುದು, ಬಲಗೈ ಬೆರಳ ಗೆಣ್ಣಿನಿಂದ ಬಡಿಯುವುದು. ಗಟ್ಟಿ ಹೆಂಚು ಟಣ್ ಎನ್ನುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಮಂಕಾಗುತ್ತದೆ. ಗಟ್ಟಿ ಬಲಕ್ಕೆ, ಒಡಕು ಎಡಕ್ಕೆ. ನನ್ನ ಕಿವಿಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ಈಗಲೂ ಇದೆ.

ಎದುರಿನ ಮಣೆಯಲ್ಲಿ ಹಸೀನಾ ಕೂರುತ್ತಾಳೆ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು. ಮಧ್ಯಾಹ್ನ ನನ್ನ ಡಬ್ಬಿಯ ಶೇಂಗಾ ಚಟ್ನಿ ಅವಳದು, ಅವಳ ಡಬ್ಬಿಯ ಲಿಂಬೆ ಉಪ್ಪಿನಕಾಯಿ ನನ್ನದು. ಅವಳ ಮಾತು ಮನೆಯಲ್ಲಿ ದಖನಿ, ಓಣಿಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ಮೂರರಲ್ಲೂ ಒಂದೇ ವೇಗ.

"ಯಾಕ ಅಕ್ಕಾ, ಒಂದ ಹಂಚ ಎಷ್ಟ ಸಲ ಬಡೀತಿ?" ಎಂದಳು.

"ಬೆರಳಿಗೆ ಏನೂ ಗೊತ್ತಾಗವಲ್ದು."

"ಮುಂಜಾನೆ ಗೇಟಿನ್ಯಾಗ ಬಿಲ್ಲೆನೂ ಕೈಯಿಂದ ಬಿತ್ತು. ನಾ ನೋಡೀನಿ."

ಬಿಲ್ಲೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಫಜೀತಿಯೆಲ್ಲ ಅದರಿಂದಲೇ ಆದದ್ದು. ನಮ್ಮ ಗೇಟಿನೊಳಗೆ ಗೋಡೆಗೆ ಎರಡು ಹಲಗೆಗಳಿವೆ. ಎಡಗಡೆಯದು ‘ಹೊರಗೆ’, ಬಲಗಡೆಯದು ‘ಒಳಗೆ’. ಪ್ರತಿಯೊಬ್ಬರಿಗೂ ನಂಬರ್ ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಬಂದವರು ತಮ್ಮ ಬಿಲ್ಲೆಯನ್ನು ಎಡ ಹಲಗೆಯ ಮೊಳೆಯಿಂದ ತೆಗೆದು ಬಲ ಹಲಗೆಯ ಮೊಳೆಗೆ ತೂಗುಹಾಕಬೇಕು. ಹೋಗುವಾಗ ವಾಪಸು. ಎಂಟೂವರೆಗೆ ಗುಮಾಸ್ತರು ಬಂದು ಬಲ ಹಲಗೆಯ ನಂಬರುಗಳನ್ನು ಹಾಜರಿ ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ. ಬೆರಳಚ್ಚಿನ ಯಂತ್ರವನ್ನೂ ಒಮ್ಮೆ ತಂದಿದ್ದರು. ಮಣ್ಣಿನಲ್ಲಿ ಸವೆದ ನಮ್ಮ ಬೆರಳುಗಳ ಗೆರೆ ಅದಕ್ಕೆ ಓದಲು ಬರಲಿಲ್ಲ, ಮೂಲೆ ಸೇರಿತು. ನನ್ನ ನಂಬರ್ ಅರವತ್ತಮೂರು.

ಬೆರಳಿಗೆ ಹೆಂಚು ತಾಕದ ಆ ದಿನಕ್ಕೂ ಹತ್ತು ದಿನ ಮೊದಲು ಹೊಟ್ಟೆ ಕೆಟ್ಟು ಎರಡು ದಿನ ಮಲಗಿ ಎದ್ದಿದ್ದೆ. ಆಮೇಲೆ ಪಾದಗಳಲ್ಲಿ ಜುಮ್ಮು. ದಣಿದ ಕಾಲು, ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಬೆರಳು ಕೈಕೊಟ್ಟ ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕೂತವಳಿಗೆ ಏಳಲು ಆಗಲಿಲ್ಲ. ತೊಡೆಗೆ ಹೇಳಿದೆ, ಏಳು. ಅದು ಕೇಳಲಿಲ್ಲ.

ನಮ್ಮ ಮನೆಯವರು ಈರಣ್ಣ, ಖಾನಾಪುರದ ಪೇಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಗಿರಣಿಯಿಂದ ಓಡಿ ಬಂದವರು ನನ್ನನ್ನು ಎತ್ತಿದರು. ಅವರ ಅಂಗಿಯ ಹಿಟ್ಟೆಲ್ಲ ನನ್ನ ಒದ್ದೆ ಸೀರೆಗೆ ಮೆತ್ತಿಕೊಂಡಿತು. ಊರಿನ ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದರು. ಕಾಲು ಹಾರಲಿಲ್ಲ. ಇನ್ನೊಂದು ಬಡಿದರು. ಅದೂ ಸುಮ್ಮನೆ.

"ತಡಾ ಮಾಡಬ್ಯಾಡ್ರಿ. ಬೆಳಗಾವಿಗೆ ಕರ್ಕೊಂಡ ಹೋಗ್ರಿ, ಈಗಿಂದೀಗ," ಎಂದರು.

ಬಡಿದು ನೋಡುವವಳನ್ನೇ ಬಡಿದು ಎಡಕ್ಕೆ ಇಟ್ಟರು.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದರು. ನರಗಳಿಗೆ ಕರೆಂಟು ಕೊಟ್ಟು ನೋಡಿದರು. ನ್ಯೂರಾಲಜಿ ಡಾಕ್ಟರು ಹಾಸಿಗೆಯ ಬದಿಗೆ ಕುಳಿತು ಹೇಳಿದರು. "ಇದಕ್ಕ ಜಿಬಿಎಸ್ ಅಂತಾರ್ರಿ. ರೋಗದ ಜೋಡಿ ಹೊಡೆದಾಡಬೇಕಾದ ಶಕ್ತಿ, ತಪ್ಪಿ ನಿಮ್ಮ ನರಗಳ ಮ್ಯಾಲೆ ಬಿದ್ದದ. ಹೆಚ್ಚಿನವರು ಆರಾಮ ಆಗ್ತಾರ. ಆದ್ರ ವ್ಯಾಳೆ ಹಿಡೀತದ."

"ಎಷ್ಟ ದಿನ್ರಿ?" ಎಂದರು ನಮ್ಮವರು.

"ದಿನ ಅಲ್ರಿ. ತಿಂಗಳು."

ನಾಲ್ಕನೇ ದಿನ ಕೈ ಹೋಯಿತು. ಐದನೇ ದಿನ ನುಂಗಲು ಆಗಲಿಲ್ಲ. ಐಸಿಯುಗೆ ಹಾಕಿದರು. ಉಸಿರಿನ ಯಂತ್ರವನ್ನು ಹಾಸಿಗೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಅದು ನನ್ನನ್ನು ನೋಡುತ್ತಾ ನಿಂತಿತು, ನಾನು ಅದನ್ನು ನೋಡುತ್ತಾ ಮಲಗಿದೆ. ಐದು ದಿನ ಐವಿಐಜಿ ಎಂಬ ಇಂಜೆಕ್ಷನ್ ಹನಿಹನಿಯಾಗಿ ಒಳಗೆ ಹೋಯಿತು. ಯಂತ್ರ ಹಚ್ಚುವ ಪ್ರಸಂಗ ಬರಲಿಲ್ಲ. ಯಾರಿಗೆ ಕೈ ಮುಗಿಯಬೇಕೋ ಗೊತ್ತಿರಲಿಲ್ಲ, ಮುಗಿಯಲು ಕೈಯೂ ಏಳುತ್ತಿರಲಿಲ್ಲ.

ರವಿವಾರ ಹಸೀನಾ ಬಂದಳು. ಐಸಿಯುದಲ್ಲಿ ಐದೇ ನಿಮಿಷ. ಬುರ್ಖಾದ ಮೇಲೆ ಆಸ್ಪತ್ರೆಯ ಹಸಿರು ಗೌನು ಹಾಕಿಕೊಂಡು, ಮಾಸ್ಕಿನೊಳಗೆ ಅಳುತ್ತಾ ನಿಂತಳು. ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿದಳು. ಯಾವುದೂ ತಿರುಗಿ ಒತ್ತಲಿಲ್ಲ. ಹೊರಡುವಾಗ ಕಿವಿಯ ಹತ್ತಿರ ಬಗ್ಗಿ, "ಬಿಲ್ಲೆ ಚಿಂತಿ ಬಿಡು ಅಕ್ಕಾ. ಅದನ್ನ ನಾ ನೋಡ್ಕೋತೀನಿ," ಎಂದಳು.

ಆಸ್ಪತ್ರೆಯಲ್ಲಿ ಜನ ಏನೇನೋ ಹೇಳಿ ಹೋಗುತ್ತಾರೆ. ಇದೂ ಅಂಥದೇ ಒಂದು ಮಾತು ಎಂದುಕೊಂಡೆ.

ಹೊರಗೆ ನಮ್ಮ ಮನೆಯವರು ಬೇರೆಯೇ ಒಂದು ರೋಗದ ಜೊತೆ ಗುದ್ದಾಡುತ್ತಿದ್ದರು. ಅದರ ಹೆಸರು ಕಾಗದ. ಕಾರ್ಖಾನೆಯಲ್ಲಿ ನನಗೆ ಹದಿನಾಲ್ಕು ದಿನ ಸಂಬಳ ಸಹಿತ ಅನಾರೋಗ್ಯ ರಜೆ ಇತ್ತು. ಅದು ಮುಗಿದ ಮೇಲೆ, ಪ್ರತಿ ತಿಂಗಳು ಸಂಬಳದಲ್ಲಿ ಹಿಡಿಯುವ ಕಾರ್ಮಿಕರ ವಿಮೆಯಿಂದ ಭತ್ಯೆ ಬರಬೇಕು. ವಿಮೆಯ ದವಾಖಾನೆಯ ಡಾಕ್ಟರು ಅವರನ್ನು ಕೂರಿಸಿಕೊಂಡು ಹೇಳಿದರಂತೆ: "ಪಗಾರ ಬರೂ ದಿನಕ್ಕ ಭತ್ಯೆ ಇಲ್ಲ, ಭತ್ಯೆ ಬರೂ ದಿನಕ್ಕ ಪಗಾರ ಇಲ್ಲ. ಒಂದರ ಮ್ಯಾಲೊಂದು ಬೀಳಬಾರದು, ನಡುವ ಸಂದೀನೂ ಇರಬಾರದು. ವಾರ ವಾರ ನನ್ನ ಸರ್ಟಿಫಿಕೇಟ್ ತಗೋರಿ. ಮೂರು ತಿಂಗಳಾದ ಮ್ಯಾಲೆ ದೊಡ್ಡ ಬ್ಯಾನಿದವರಿಗೆ ಉದ್ದನ್ನ ಭತ್ಯೆ ಒಂದು ಐತಿ. ಇವರಿಗೆ ಅದ ಬೇಕಾಗೂದು. ನಡುವ ಎಲ್ಲೆರೆ ತುಂಡಾತಂದ್ರ ಅದು ಸಿಗೂದಿಲ್ಲ."

ಹೆಂಚಾದರೆ ಒಂದರ ಮೇಲೊಂದು ಬಿದ್ದರೇ ಮಳೆ ತಡೆಯುತ್ತದೆ. ರಜೆಯ ಲೆಕ್ಕ ಹಾಗಲ್ಲ. ನಮ್ಮವರು ಗಿರಣಿಯ ಕ್ಯಾಲೆಂಡರನ್ನೇ ಕಿತ್ತು ತಂದು ಆಸ್ಪತ್ರೆಯ ಕಿಟಕಿಗೆ ಸಿಕ್ಕಿಸಿದರು. ಹದಿನಾಲ್ಕು ದಿನಕ್ಕೆ ಹಸಿರು ಪೆನ್ನಿನ ಗೆರೆ, ಹದಿನೈದನೆಯದರಿಂದ ಕೆಂಪು. ಏಳನೇ ಇಯತ್ತೆ ಓದಿದ ಮನುಷ್ಯ ಒಂದು ದಿನವನ್ನೂ ತಪ್ಪಿಸಲಿಲ್ಲ. ಆ ಕ್ಯಾಲೆಂಡರನ್ನು ನೋಡುತ್ತಾ ಮಲಗಿದಾಗಲೇ ನನಗೆ ಗೊತ್ತಾದದ್ದು, ಇಪ್ಪತ್ತನಾಲ್ಕು ವರ್ಷ ಈ ಮನುಷ್ಯನನ್ನು ನಾನು ಪೂರ್ತಿ ನೋಡಿಯೇ ಇರಲಿಲ್ಲ.

ತಿಂಗಳ ಕೊನೆಗೆ ಬ್ಯಾಂಕಿಗೆ ಪೂರ್ತಿ ಸಂಬಳ ಬಂತು. ರಜೆಯದೂ ಸೇರಿ ಬಂದಿರಬೇಕು, ಮ್ಯಾನೇಜರು ಕನಿಕರ ತೋರಿಸಿದ್ದಾರೆ ಎಂದು ಇಬ್ಬರೂ ಅಂದುಕೊಂಡೆವು. ನಮ್ಮವರು ನರ್ಸುಗಳಿಗೆ ಕುಂದಾ ಹಂಚಿದರು. ಆ ಸಿಹಿ ತಿನ್ನುವಷ್ಟು ನುಂಗಲು ನನಗೂ ಆಗ ಬರುತ್ತಿತ್ತು.

ಇಪ್ಪತ್ತಾರನೇ ದಿನ ಡಿಸ್ಚಾರ್ಜ್. ದಿನವೂ ಫಿಸಿಯೋಥೆರಪಿ ಬೇಕಾದ್ದರಿಂದ ಖಾನಾಪುರಕ್ಕೆ ಹೋಗದೆ ಶಹಾಪುರದ ನನ್ನ ತಂಗಿಯ ಮನೆಯಲ್ಲಿ ಉಳಿದೆವು. ಪಕ್ಕದಲ್ಲಿ ಮಗ್ಗಗಳ ಖಟಖಟ. ಆ ತಾಳಕ್ಕೆ ಸರಿಯಾಗಿ ಬೆರಳು ಮಡಚುವುದು, ಬಿಡಿಸುವುದು. ಮೊದಲು ಹೆಬ್ಬೆರಳು ಕೇಳಿತು. ಬಲಪಾದ ಮಾತ್ರ ಜೋತುಬಿದ್ದೇ ಇತ್ತು.

ಒಂದು ದಿನ ವಿಮೆ ಕಚೇರಿಯಿಂದ ಫೋನ್ ಬಂತು. ವೀಲ್‌ಚೇರಿನಲ್ಲಿ ಹೋದೆ. ನಡುವಯಸ್ಸಿನ ಹೆಣ್ಣುಮಗಳು ಆಫೀಸರು. ಫೈಲು ತೆರೆದು ನನ್ನ ಕಡೆ ತಿರುಗಿಸಿದರು.

"ಅಮ್ಮಾರ, ದವಾಖಾನಿ ಕಾಗದದ ಪ್ರಕಾರ ನೀವು ಮೊದಲ ಐಸಿಯುದಾಗ, ಆಮ್ಯಾಲೆ ಹಾಸಿಗಿ ಮ್ಯಾಲೆ ಇದ್ರಿ. ಕಾರ್ಖಾನಿ ಹಾಜರಿ ಪ್ರಕಾರ ಅವ ದಿನ ಕೆಲಸಕ್ಕ ಬಂದು ಹಂಚ ಬಡದೀರಿ. ಮೂವತ್ತೊಂದು ದಿನ. ಇದರಾಗ ಯಾವುದು ಖರೇ?"

ನಾನು ನನ್ನ ಕಾಲು ನೋಡಿಕೊಂಡೆ.

"ನಾ ನಿಮ್ಮನ್ನ ನಂಬ್ತೀನ್ರಿ," ಎಂದರು ಅವರು. "ನನ್ನ ಫೈಲ್ ನಂಬೂದಿಲ್ಲ. ಹಾಜರಿ ತಪ್ಪು ಅಂತ ಕಾರ್ಖಾನಿ ಬರ್ಕೊಡಬೇಕು, ಯಾಕ ತಪ್ಪಾತು ಅಂತನೂ ಹೇಳಬೇಕು. ಇಲ್ಲಂದ್ರ ಸುಳ್ಳ ಕ್ಲೇಮ್ ಅಂತ ತಿರಸ್ಕಾರ ಆಗ್ತದ. ಮುಂದಿನ ಉದ್ದನ್ನ ಭತ್ಯೆನೂ ಅಲ್ಲಿಗೇ ಮುಗೀತು."

ಬಿಲ್ಲೆ ಚಿಂತಿ ಬಿಡು ಅಕ್ಕಾ. ಆ ಮಾತು ನನಗೆ ಆಗ ಕೇಳಿಸಿತು.

ಆ ರವಿವಾರ ಹಸೀನಾ ಶಹಾಪುರಕ್ಕೆ ಬರುವುದನ್ನೇ ಕಾಯುತ್ತಿದ್ದೆ. ಬಂದು ಚೀಲದಿಂದ ಪೇರಲಹಣ್ಣು ತೆಗೆಯುತ್ತಿದ್ದವಳನ್ನು ಕೇಳಿದೆ. "ನನ್ನ ಬಿಲ್ಲೆ ಯಾರು ಹಾಕ್ತಿದ್ರು?"

"ನಾ," ಎಂದಳು. ಸಂಬಳ ಬಂತಲ್ಲ ಎಂಬ ಸಂತೋಷ ಅವಳ ಮುಖದಲ್ಲಿ ಇನ್ನೂ ಇತ್ತು.

ನಾನು ಬೈದೆ. ನಾಲಿಗೆಗೆ ಆಗ ತಾನೇ ಪೂರ್ತಿ ಬಲ ಬಂದಿತ್ತು, ಅಷ್ಟನ್ನೂ ಉಪಯೋಗಿಸಿದೆ. ಅವಳು ತಡೆಯಲಿಲ್ಲ. ಮುಗಿದ ಮೇಲೆ ಮೆಲ್ಲಗೆ ಹೇಳಿದಳು.

"ಮಾರುತಿ ಮಾಮಾಂದು ನೆನಪೈತೇನ ನಿನಗ?"

ನೆನಪಿತ್ತು. ಭಟ್ಟಿಯ ಮಾರುತಿ ಮಾಮಾ ಆಸ್ಪತ್ರೆ ಸೇರಿದಾಗ ಅವರ ಬಿಲ್ಲೆ ‘ಹೊರಗೆ’ ಹಲಗೆಯಲ್ಲಿ ಎರಡು ತಿಂಗಳು ಒಂದೇ ಮೊಳೆಗೆ ತೂಗಿತು. ಧೂಳು ಕೂತು ನಂಬರ್ ಕಾಣದಾಯಿತು. ಅವರು ತೀರಿಕೊಂಡ ಮರುದಿನ ಹಳೆಯ ಗುಮಾಸ್ತರು ನಮ್ಮೆಲ್ಲರ ಎದುರಿಗೇ ಅದನ್ನು ತೆಗೆದು ಡ್ರಾವರಿಗೆ ಹಾಕಿದರು. ಆವತ್ತಿನಿಂದ ಕಾರ್ಖಾನೆಯಲ್ಲಿ ಯಾರೂ ಆ ಹಲಗೆಯಲ್ಲಿ ಅಲುಗದೆ ನಿಂತ ಬಿಲ್ಲೆಯನ್ನು ನೇರ ನೋಡುವುದಿಲ್ಲ.

"ನಿನ್ನ ಐಸಿಯುಗೆ ಹಾಕಿದ ದಿನ ನಂಬರ್ ಅರವತ್ತಮೂರು ಹೊರಗಿನ ಹಲಗಿ ಮ್ಯಾಲೆ ಅದೊಂದ ಉಳಿದಿತ್ತು ಅಕ್ಕಾ. ನೋಡಾಕ ಆಗ್ಲಿಲ್ಲ. ನನ್ನ ಬಿಲ್ಲೆ ಜೋಡಿ ಅದನ್ನೂ ಈ ಕಡೆ ತಂದ್ನಿ. ಮರುದಿನಾನೂ ತಂದ್ನಿ. ಆಮೇಲೆ ಬಿಡಾಕ ಹೆದರಿಕಿ ಆತು. ಬಿಟ್ರ ನಿನಗೇನರೆ ಆಗ್ತದ ಅಂತ. ಪುಕ್ಕಟ ಹಾಜರಿ ಆಗಬಾರದಂತ ನಿನ್ನ ಪಾಲಿನ ಹಂಚೂ ನಾನ ಬಡದ್ನಿ."

ಅವಳ ಬಲಗೈ ನೋಡಿದೆ. ಗೆಣ್ಣುಗಳು ಊದಿದ್ದವು.

ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ನನಗಾಗಿ ಅತ್ತಿರಲಿಲ್ಲ. ಹತ್ತಿರದವರು ಇಷ್ಟು ಪ್ರೀತಿಸಿದರೆ ಏನು ಮಾಡಬೇಕೋ ತಿಳಿಯುವುದಿಲ್ಲ, ಅದೂ ಆ ಪ್ರೀತಿಯೇ ಕುತ್ತಿಗೆಗೆ ಬಂದಾಗ.

ಇಷ್ಟು ದಿನ ಯಾರಿಗೂ ಯಾಕೆ ತಿಳಿಯಲಿಲ್ಲ ಎಂದು ನೀವು ಕೇಳಬಹುದು. ಹೊಸ ಗುಮಾಸ್ತರು ಜೋಶಿ, ಬಂದು ಎರಡು ತಿಂಗಳಾಗಿತ್ತು. ಅವರಿಗೆ ನಂಬರುಗಳು ಗೊತ್ತಿದ್ದವು, ಮುಖಗಳು ಗೊತ್ತಿರಲಿಲ್ಲ. ಸೂಪರ್‌ವೈಸರಿಗೆ ಮುಖಗಳು ಗೊತ್ತಿದ್ದವು, ಆದರೆ ಹಲಗೆ ನೋಡುವುದು ಅವರ ಕೆಲಸವಲ್ಲ. ನನ್ನ ರಜೆ ಅರ್ಜಿ ಮ್ಯಾನೇಜರ ಸಹಿ ಪಡೆದು ಫೈಲಿನಲ್ಲಿ ನೆಮ್ಮದಿಯಾಗಿ ಮಲಗಿತ್ತು. ಇವರು ಮೂವರೂ ಒಂದು ದಿನ ಕೂಡಿ ಚಹಾ ಕುಡಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮ್ಯಾನೇಜರು ನಮ್ಮವರಿಗೆ ಫೋನಿನಲ್ಲಿ ಹೇಳಿದರು: ಬಿಲ್ಲೆ ಹಾಕಿದವರು ಯಾರೇ ಆಗಿರಲಿ, ಮನೆಗೆ ಹೋಗಬೇಕಾಗುತ್ತದೆ. ಜೋಶಿಯವರು ಒಂದು ದಾರಿ ಹೇಳಿಕೊಟ್ಟರು. "ಯಾರ ಹಾಕ್ಯಾರ ಗೊತ್ತಿಲ್ಲ ಅಂತ ಬರದ ಸಹಿ ಮಾಡಾಕ ನಿಮ್ಮ ಮನಿಯವರಿಗೆ ಹೇಳ್ರಿ. ನನ್ನ ನೌಕರಿನೂ ಉಳೀತದ."

ಹಸೀನಾಳ ಗಂಡ ತೀರಿಕೊಂಡು ಆರು ವರ್ಷ. ವಯಸ್ಸಾದ ಅತ್ತೆ, ಕಾಲೇಜಿಗೆ ಹೋಗುವ ಮಗಳು, ಇಬ್ಬರೂ ಅವಳ ಊದಿದ ಗೆಣ್ಣಿನ ಮೇಲೆ ನಿಂತಿದ್ದರು. ನನ್ನ ಭತ್ಯೆ ಬೇಕಾದರೆ ಅವಳ ಹೆಸರು ಹೇಳಬೇಕು. ಅವಳ ಕೆಲಸ ಉಳಿಯಬೇಕಾದರೆ ನನಗೆ ಗೊತ್ತಿಲ್ಲ ಎನ್ನಬೇಕು, ಆಗ ಆಫೀಸರಿಗೆ ಅದು ಸಾಲುತ್ತದೋ ಇಲ್ಲವೋ ಹೇಳಲಾಗದು.

ಗೊತ್ತಿಲ್ಲ ಎಂದೇ ಬರೆಯುವುದು ಎಂದು ತೀರ್ಮಾನಿಸಿದೆ. ನಮ್ಮವರು ಬರೆದುಕೊಟ್ಟರು. "ಸಹಿ ನಿಂದು. ನಾ ಏನೂ ಹೇಳೂದಿಲ್ಲ," ಎಂದು ಪೆನ್ನನ್ನು ನನ್ನ ಬೆರಳುಗಳ ನಡುವೆ ಸಿಕ್ಕಿಸಿದರು. ಪೆನ್ನು ಬಿತ್ತು. ಮತ್ತೆ ಸಿಕ್ಕಿಸಿದರು. ಎರಡು ತಿಂಗಳಲ್ಲಿ ನಾನು ಹಾಕಲು ಹೊರಟ ಮೊದಲ ಸಹಿ ಅದು, ಸುಳ್ಳಿಗೆ. ನನ್ನ ಹೆಸರಿನ ಮೊದಲಕ್ಷರ ‘ಗಿ’ ಮುಗಿಸುವಷ್ಟರಲ್ಲಿ ಹಸೀನಾ ಒಳಗೆ ಬಂದಳು. ಆವತ್ತು ರವಿವಾರವಲ್ಲ. ರಜೆ ಹಾಕಿ ಬಂದಿದ್ದಳು.

ಕಾಗದ ಎತ್ತಿ ಓದಿದಳು. ಕನ್ನಡ ಓದಲು ಅವಳಿಗೆ ಸ್ವಲ್ಪ ಹೊತ್ತು ಬೇಕು. ನಾವು ಕಾದೆವು. ಓದಿ ಮುಗಿಸಿ ನಾಲ್ಕು ಮಡಿಕೆ ಮಾಡಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಹತ್ತೊಂಬತ್ತ ವರ್ಷದಾಗ ಒಡದ ಹಂಚಿಗೆ ಗಟ್ಟಿ ಅಂದಾಕಿ ಅಲ್ಲ ನೀ. ಈಗ ಅನಬ್ಯಾಡ," ಎಂದಳು. ಆಮೇಲೆ ನಮ್ಮವರ ಕಡೆ ತಿರುಗಿ, "ಅಣ್ಣಾರ, ಆಫೀಸ್ ಎಲ್ಲೈತಿ ತೋರಸ್ರಿ. ನಾನ ಹೇಳ್ತೀನಿ," ಎಂದಳು.

ವಿಮೆ ಕಚೇರಿಗೆ ಮ್ಯಾನೇಜರನ್ನೂ ಕರೆಸಿದ್ದರು. ಹಸೀನಾ ನಿಂತೇ ಹೇಳಿದಳು, ಏನನ್ನೂ ಬಿಡದೆ, ಮಾರುತಿ ಮಾಮಾನಿಂದ ಹಿಡಿದು. ಮ್ಯಾನೇಜರು ಸಿಟ್ಟಿನಿಂದ ಬಂದವರು ಕೇಳುತ್ತಾ ಕೇಳುತ್ತಾ ಕನ್ನಡಕ ಒರೆಸತೊಡಗಿದರು. ನಾನಿಲ್ಲದ ಒಂದೂವರೆ ತಿಂಗಳು ಆರಿಸಿದ ಹೆಂಚಿನ ರಾಶಿ ಒಂದು ದಿನವೂ ಯಾಕೆ ಕಡಿಮೆಯಾಗಲಿಲ್ಲ ಎನ್ನುವುದು ಅವರಿಗೆ ಅಲ್ಲಿ ಗೊತ್ತಾಯಿತು.

"ಕಾಯ್ದೆ ಪ್ರಕಾರ ತಪ್ಪು ಅಂತ ಗೊತ್ತಿತ್ತಿಲ್ರಿ?" ಎಂದರು ಆಫೀಸರು.

"ಹಾಜರಿ ಸುಳ್ಳಂತ ಗೊತ್ತಿತ್ರಿ. ಅದರಿಂದ ಅಕ್ಕಾಂದ ಭತ್ಯೆ ನಿಲ್ತದಂತ ಗೊತ್ತಿರಲಿಲ್ಲ. ಬರ್ತಾಳಂತ ಅಷ್ಟ ಗೊತ್ತಿತ್ತು. ಬರಾಕಿ ಜಾಗಾ ಹಿಡದ ಕುಂತಿದ್ನಿರಿ."

ಆಫೀಸರು ಫೈಲನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಮೇಲೆ ಕಾಯ್ದೆಯಲ್ಲಿ ಇದ್ದದ್ದನ್ನೇ ಮಾಡಿದರು, ಅದಕ್ಕಾಗಿ ಅವರನ್ನು ನಾನು ಇವತ್ತಿಗೂ ನೆನೆಯುತ್ತೇನೆ. ಆ ದಿನಗಳ ಹಾಜರಿ ರದ್ದು. ಅದರಲ್ಲಿ ಮೊದಲಿನವು ರಜೆಯ ಲೆಕ್ಕಕ್ಕೆ, ಉಳಿದ ದಿನಗಳ ಸಂಬಳ ಕಾರ್ಖಾನೆಗೆ ವಾಪಸು, ಆ ದಿನಗಳಿಗೆ ವಿಮೆಯ ಭತ್ಯೆ. ಹಸಿರು ಗೆರೆ ಮುಗಿದಲ್ಲೇ ಕೆಂಪು ಗೆರೆ ಶುರು. ನಮ್ಮವರು ಜೇಬಿನಿಂದ ಮಡಚಿದ ಆ ಕ್ಯಾಲೆಂಡರ್ ತೆಗೆದು ತೋರಿಸಿದರು. ಹಿಟ್ಟು ಉದುರಿತು. ಆಫೀಸರು ಅದರ ಒಂದು ಝೆರಾಕ್ಸ್ ಮಾಡಿಸಿ ಫೈಲಿಗೆ ಸೇರಿಸಿಕೊಂಡರು.

ಹಸೀನಾಳ ಕೆಲಸ ಉಳಿಯಿತು. ಒಂದು ಮೆಮೋ, ಮೂರು ದಿನ ಅಮಾನತ್ತು. ಜೊತೆಗೆ ಒಂದು ಮುಚ್ಚಳಿಕೆ: ಇನ್ನು ಮುಂದೆ ತನ್ನದಲ್ಲದ ಬಿಲ್ಲೆಯನ್ನು ಒಂದು ಹಲಗೆಯಿಂದ ಇನ್ನೊಂದಕ್ಕೆ ಒಯ್ಯುವುದಿಲ್ಲ. ಆ ಮೂರು ದಿನವೂ ಅವಳು ಶಹಾಪುರಕ್ಕೆ ಬಂದು ನನ್ನ ಕಾಲು ತಿಕ್ಕಿದಳು.

ಮೂರು ತಿಂಗಳಾದ ಮೇಲೆ ದೊಡ್ಡ ಡಾಕ್ಟರರ ಬೋರ್ಡಿನ ಎದುರು ನಿಂತೆ, ವಾಕರ್ ಹಿಡಿದು. ಉದ್ದನೆಯ ಭತ್ಯೆ ಮಂಜೂರಾಯಿತು. ಅದರ ಮೇಲೆ ಆ ವರ್ಷ ನಮ್ಮ ಮನೆ ನಡೆಯಿತು. ವಾಕರ್ ಹೋಗಿ ಕೋಲು ಬಂತು. ಬಲಪಾದ ಇನ್ನೂ ತಾನಾಗಿ ಏಳುವುದಿಲ್ಲ. ಪ್ಲಾಸ್ಟಿಕ್ಕಿನ ಸ್ಪ್ಲಿಂಟ್ ಹಾಕಿ, ಮೇಲೆ ಒಂದು ನಂಬರ್ ದೊಡ್ಡ ಚಪ್ಪಲಿ ಹಾಕುತ್ತೇನೆ. ಬೆರಳ ತುದಿಗಳಿಗೆ ಬಿಸಿ ತಂಪು ಸರಿಯಾಗಿ ತಿಳಿಯುವುದಿಲ್ಲ. ಚಹಾದ ಕಪ್ಪನ್ನು ಮೊದಲು ನಮ್ಮವರು ಮುಟ್ಟಿ ನೋಡಿ ಕೊಡುತ್ತಾರೆ. ಪೂರ್ತಿ ಮೊದಲಿನಂತಾಗುತ್ತೇನೆ ಎಂದು ಯಾರೂ ಹೇಳಿಲ್ಲ. ನಾನೂ ಕೇಳುವುದು ಬಿಟ್ಟಿದ್ದೇನೆ.

ಒಂಬತ್ತನೇ ತಿಂಗಳಿಗೆ ವಿಮೆಯ ಡಾಕ್ಟರು ಫಿಟ್‌ನೆಸ್ ಸರ್ಟಿಫಿಕೇಟ್ ಬರೆದರು, ಹಗುರ ಕೆಲಸಕ್ಕೆ. ಗೆಣ್ಣಿನ ಬದಲು ಸಣ್ಣ ಕಟ್ಟಿಗೆಯಿಂದ ಬಡಿಯಬಹುದು ಎಂದರು ಮ್ಯಾನೇಜರು, ಕಿವಿ ನೆಟ್ಟಗಿದೆಯಲ್ಲ.

ಆ ಬೆಳಿಗ್ಗೆ ನಮ್ಮವರು ಸ್ಕೂಟರಿನಲ್ಲಿ ಗೇಟಿನವರೆಗೆ ಬಿಟ್ಟರು. ಒಳಗೆ ಹೋಗಿ ‘ಹೊರಗೆ’ ಹಲಗೆಯ ಮುಂದೆ ನಿಂತೆ. ಧೂಳು ತುಂಬಿದ ಬಿಲ್ಲೆಯೊಂದನ್ನು ಹುಡುಕಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಹುಡುಕಬೇಕಾಗಲಿಲ್ಲ. ಉಳಿದ ಬಿಲ್ಲೆಗಳೆಲ್ಲ ಕಂದಿದ್ದವು, ಅರವತ್ತಮೂರು ಮಾತ್ರ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

ಹಿಂದೆ ಹಸೀನಾ ನಿಂತಿದ್ದಳು. "ಸೋಮವಾರಕ್ಕೊಮ್ಮೆ ಹುಣಸಿಹಣ್ಣ ಹಚ್ಚಿ ತಿಕ್ಕತಿದ್ನಿ," ಎಂದಳು. "ಮೊಳೆಯಿಂದ ತೆಗದಿಲ್ಲ. ಒಯ್ಯೂದಿಲ್ಲ ಅಂತ ಬರ್ಕೊಟ್ಟೀನಿ. ತಿಕ್ಕೂದಿಲ್ಲ ಅಂತ ಬರ್ದಿಲ್ಲ."

ಕೋಲನ್ನು ಗೋಡೆಗೆ ಒರಗಿಸಿದೆ. ಬಿಲ್ಲೆ ಎತ್ತಿದೆ. ಬೆರಳಿಗೆ ಅದರ ಅಂಚು ಸರಿಯಾಗಿ ತಿಳಿಯಲಿಲ್ಲ, ಕಣ್ಣಿನಿಂದ ನೋಡಿಕೊಂಡೇ ಹಿಡಿದೆ. ಬಲ ಹಲಗೆಯ ಮೊಳೆಗೆ ಬಿಲ್ಲೆಯ ತೂತು ಸಿಗಲಿಲ್ಲ. ಇನ್ನೊಮ್ಮೆ ಹಾಕಿದೆ, ಜಾರಿತು. ಹಿಂದೆ ಸಾಲು ಬೆಳೆಯಿತು. ಯಾರೂ ಅವಸರ ಮಾಡಲಿಲ್ಲ. ಹಸೀನಾಳ ಕಡೆ ತಿರುಗಿ ನೋಡಿದೆ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು.

ಮೂರನೇ ಸಲಕ್ಕೆ ಬಿಲ್ಲೆ ಮೊಳೆಗೆ ಕೂತಿತು.

ಎಂಟೂವರೆಗೆ ಜೋಶಿಯವರು ಪುಸ್ತಕ ಹಿಡಿದು ಬಂದರು. ಒಂದೊಂದೇ ನಂಬರ್ ಓದಿ ಅರವತ್ತಮೂರಕ್ಕೆ ನಿಂತರು. ಪೆನ್ನು ಎತ್ತಿ ಹಿಡಿದು, ಮಣೆಯ ಕಡೆ ನಡೆದು ಬಂದು, ನನ್ನ ಮುಖವನ್ನು ಸರಿಯಾಗಿ ನೋಡಿದರು. ಆಮೇಲೆ ಬರೆದುಕೊಂಡರು.